ಕಂಡಕ್ಟರಿಗೆ ಮೊದಲೇ ಹೇಳಿಬಿಡಿ: ಶ್ರೀಲಂಕಾವನ್ನು ಬಸ್ಸಿನಲ್ಲಿ ಸುತ್ತುವ ಬಗೆ

ಇಪ್ಪತ್ತಾರು ವರ್ಷ ಬಸ್ಸಿನೊಳಗೆ ನಿಂತು ದುಡಿದವಳು ನಾನು. ಹಾಸನದಿಂದ ಸಕಲೇಶಪುರ, ಅಲ್ಲಿಂದ ಶಿರಾಡಿ ಘಾಟಿ ಇಳಿದು ಮಂಗಳೂರು, ಮತ್ತೆ ಅದೇ ದಾರಿಯಲ್ಲಿ ಮೇಲಕ್ಕೆ. ಆ ತಿರುವುಗಳಲ್ಲಿ ಕಂಬಿಗೆ ಒರಗಿಕೊಂಡೇ ಚಿಲ್ಲರೆ ಎಣಿಸುವುದು ನನಗೆ ಅಭ್ಯಾಸವಾಗಿತ್ತು. 2024ರಲ್ಲಿ ನಿವೃತ್ತಿಯಾಗಿ ಟಿಕೆಟ್ ಯಂತ್ರವನ್ನೂ ಚೀಲವನ್ನೂ ಡಿಪೋಗೆ ಒಪ್ಪಿಸಿದ ದಿನ ಒಂದು ಆಸೆ ಉಳಿದಿತ್ತು: ಯಾವುದಾದರೂ ಹೊರದೇಶದಲ್ಲಿ ಬಸ್ಸಿನ ಕಿಟಕಿ ಪಕ್ಕ ಕುಳಿತು, ಬೇರೆ ಯಾರೋ ಟಿಕೆಟ್ ಕೊಡುವುದನ್ನು ನೋಡಬೇಕು. ಮರುವರ್ಷ ಜನವರಿ ಕೊನೆಯಲ್ಲಿ ತಿಪಟೂರಿನ ನನ್ನ ತಂಗಿಯನ್ನು ಜೊತೆಗೆ ಕರೆದುಕೊಂಡು ಶ್ರೀಲಂಕಾಕ್ಕೆ ಹೋದೆ. ಹದಿನಾರು ದಿನ ಇದ್ದೆವು. ಕೊಲಂಬೊ, ಕ್ಯಾಂಡಿ, ಸೀಗಿರಿಯ, ಅನುರಾಧಪುರ, ಜಾಫ್ನಾ, ನುವರ ಎಲಿಯ, ‘ಎಲ್ಲ’ ಎಂಬ ಹೆಸರಿನ ಬೆಟ್ಟದೂರು, ಕತರಗಾಮ, ಗಾಲೆ, ಇವಿಷ್ಟನ್ನೂ ಬಸ್ಸಿನಲ್ಲೇ ಸುತ್ತಿದೆವು. ಹೋಗಬೇಕೆಂದು ಕೇಳಿದವರಿಗೆಲ್ಲ ಫೋನಿನಲ್ಲಿ ಬಿಡಿಬಿಡಿಯಾಗಿ ಹೇಳುತ್ತಿದ್ದುದನ್ನು ಈಗ ಒಂದೇ ಕಡೆ ಬರೆಯುತ್ತಿದ್ದೇನೆ.

ಶ್ರೀಲಂಕಾವನ್ನು ಆರಿಸಿಕೊಂಡದ್ದಕ್ಕೆ ಕಾರಣ ಸರಳ. ಬೆಂಗಳೂರಿನಿಂದ ನೇರ ವಿಮಾನವಿದೆ. ಅಲ್ಲಿಯ ಗಡಿಯಾರವೂ ನಮ್ಮ ಗಡಿಯಾರವೂ ಒಂದೇ. ವಾಹನಗಳು ನಮ್ಮಲ್ಲಿಯಂತೆ ರಸ್ತೆಯ ಎಡಕ್ಕೇ ಓಡುತ್ತವೆ, ಆದ್ದರಿಂದ ಯಾವ ಬದಿಯಲ್ಲಿ ನಿಂತು ಕೈ ಅಡ್ಡ ಹಿಡಿಯಬೇಕೆಂಬ ಗೊಂದಲವಿಲ್ಲ. ಎಲ್ಲಕ್ಕಿಂತ ಹೆಚ್ಚಾಗಿ, ಆ ದ್ವೀಪದಲ್ಲಿ ಬಸ್ಸು ಹೋಗದ ಊರು ಸಿಗುವುದು ಕಷ್ಟ. ರೈಲು ಸುಂದರ, ಅದರಲ್ಲೂ ಬೆಟ್ಟದ ರೈಲು ಬಹಳ ಸುಂದರ, ಆದರೆ ರೈಲಿಗೆ ಟಿಕೆಟ್ ಸಿಗಬೇಕು. ಬಸ್ಸಿಗೆ ನಿಂತರೆ ಸಾಕು.

ಕೆಂಪು ಬಸ್ಸು, ಬೇರೆ ಬಸ್ಸು

ಮೊದಲು ತಿಳಿಯಬೇಕಾದದ್ದು ಬಸ್ಸಿನ ಜಾತಿ. ಕೆಂಪು ಬಣ್ಣದ್ದು ಸರ್ಕಾರದ್ದು. ಅದರ ಸಿಂಹಳ ಹೆಸರು ಶ್ರೀಲಂಕಾ ಗಮನಾಗಮನ ಮಂಡಲಯ. ನಮಗೆ ಅರ್ಥ ಹೇಳಿಕೊಡಬೇಕಾಗಿಯೇ ಇಲ್ಲ. ಜನ ಅದನ್ನು ಚುಟುಕಾಗಿ ‘ಲಂಗಮ’ ಎನ್ನುತ್ತಾರೆ. ಲಂಕಾ, ಗಮನಾಗಮನ, ಮಂಡಲಯ, ಮೂರರ ಮೊದಲಕ್ಷರ. ಖಾಸಗಿ ಬಸ್ಸುಗಳು ಅಲ್ಲಿ ಬಸ್ಸು, ಇಲ್ಲಿ ಬಸ್ಸು ಎಂಬಂತೆ ಎಲ್ಲೆಲ್ಲೂ ಇರುತ್ತವೆ, ಹೆಚ್ಚಿನವು ಬಿಳಿ ಅಥವಾ ನೀಲಿ. ನಮ್ಮಲ್ಲಿ 1948ರಲ್ಲಿ ಮೈಸೂರು ಸರ್ಕಾರದ ಸಾರಿಗೆ ಇಲಾಖೆ 120 ಬಸ್ಸುಗಳೊಂದಿಗೆ ಆರಂಭವಾಯಿತೆಂದು ತರಬೇತಿಯಲ್ಲಿ ಹೇಳಿಕೊಟ್ಟಿದ್ದರು. ಅಲ್ಲಿ 1958ರ ಜನವರಿ 1ರಂದು ಖಾಸಗಿ ಬಸ್ಸುಗಳನ್ನೆಲ್ಲ ಸರ್ಕಾರವೇ ವಹಿಸಿಕೊಂಡು ಮಂಡಲಿ ಕಟ್ಟಿತು. ಖಾಸಗಿಯವರು ಮತ್ತೆ ರಸ್ತೆಗೆ ಬಂದದ್ದು 1970ರ ದಶಕದ ಕೊನೆಯಲ್ಲಿ. ಈಗ ಒಂದೇ ಮಾರ್ಗದಲ್ಲಿ ಎರಡೂ ಓಡುತ್ತವೆ, ಎರಡಕ್ಕೂ ಮಾರ್ಗದ ಸಂಖ್ಯೆ ಒಂದೇ.

ಈ ಸಂಖ್ಯೆಯೇ ನಿಮ್ಮ ಊರುಗೋಲು. ಬಸ್ಸಿನ ಮುಂದಿನ ಫಲಕದಲ್ಲಿ ಊರಿನ ಹೆಸರು ಸಿಂಹಳದಲ್ಲಿ ದೊಡ್ಡದಾಗಿ, ತಮಿಳು ಮತ್ತು ಇಂಗ್ಲಿಷಿನಲ್ಲಿ ಸಣ್ಣದಾಗಿ ಇರುತ್ತದೆ. ದೂರದಿಂದ ಬರುವಾಗ ಕಾಣುವುದು ಸಿಂಹಳ ಮಾತ್ರ. ಅದರ ಅಕ್ಷರಗಳು ನಮ್ಮವುಗಳಂತೆಯೇ ದುಂಡು. ತಂಗಿ ಎರಡು ದಿನ ಅವುಗಳನ್ನು ಓದಲು ಹೆಣಗಿದಳು, ಕಣ್ಣಿಗೆ ಪರಿಚಿತವೆನಿಸಿದರೂ ಒಂದೂ ಓದಲು ಬರಲಿಲ್ಲ. ಅಂಕಿಗಳು ಮಾತ್ರ ಎಲ್ಲರಿಗೂ ತಿಳಿಯುವ ಅಂಕಿಗಳೇ. ಕೊಲಂಬೊದಿಂದ ಕ್ಯಾಂಡಿಗೆ 1. ಕೊಲಂಬೊದಿಂದ ಕರಾವಳಿ ಹಿಡಿದು ಗಾಲೆ, ಮಾತರಕ್ಕೆ 2. ಬದುಲ್ಲಕ್ಕೆ 99. ಜಾಫ್ನಾಕ್ಕೆ 87. ನೆಗೊಂಬೊಗೆ 240. ವಿಮಾನ ನಿಲ್ದಾಣದ ಕಟುನಾಯಕೆಯಿಂದ ಕೊಲಂಬೊಗೆ 187. ಇವನ್ನು ಒಂದು ಚೀಟಿಯಲ್ಲಿ ಬರೆದು ಜೇಬಿನಲ್ಲಿಟ್ಟುಕೊಳ್ಳಿ. ಮೊಬೈಲ್ ಇದ್ದರೂ ಚೀಟಿ ಇರಲಿ. ಬಸ್ಸು ಬಂದು ನಿಲ್ಲುವ ಅರೆ ನಿಮಿಷದಲ್ಲಿ ಮೊಬೈಲ್ ತೆರೆಯುವುದಕ್ಕಿಂತ ಚೀಟಿ ತೋರಿಸುವುದು ಬೇಗ.

ಕೆಂಪು ಬಸ್ಸನ್ನು ಹತ್ತಿದಾಗ ನನಗೆ ಮನೆಗೆ ಬಂದಂತಾಯಿತು. ಎಂಜಿನ್ನಿನ ಸದ್ದಿನಿಂದಲೇ ಲೇಲ್ಯಾಂಡ್ ಎಂದು ಗೊತ್ತಾಯಿತು. ಹವಾನಿಯಂತ್ರಣವಿಲ್ಲ, ಕಿಟಕಿ ತೆರೆದಿರುತ್ತದೆ, ಒಂದು ಕಡೆ ಮೂರು ಸೀಟು, ಇನ್ನೊಂದು ಕಡೆ ಎರಡು. ಡ್ರೈವರ್ ಸಾಮಾನ್ಯವಾಗಿ ಸಮಾಧಾನದಿಂದ ಓಡಿಸುತ್ತಾರೆ. ಖಾಸಗಿ ಬಸ್ಸಿನವರಿಗೆ ದಿನದ ಕಲೆಕ್ಷನ್ನಿನ ಮೇಲೆ ಬದುಕು, ಆದ್ದರಿಂದ ಮುಂದಿನ ಬಸ್ಸನ್ನು ಹಿಂದಿಕ್ಕಿ ಮುಂದಿನ ನಿಲ್ದಾಣದ ಜನರನ್ನು ತಾವೇ ಹತ್ತಿಸಿಕೊಳ್ಳುವ ಆತುರ. ಜೋರಾದ ಹಾಡು, ಮುಂದೆ ಬಣ್ಣದ ದೀಪದ ನಡುವೆ ಬುದ್ಧನ ಚಿತ್ರ, ಬಾಗಿಲಲ್ಲಿ ತೂಗಾಡುವ ಹುಡುಗ ಊರುಗಳ ಹೆಸರನ್ನು ಒಂದೇ ಉಸಿರಿನಲ್ಲಿ ಕೂಗುತ್ತಿರುತ್ತಾನೆ. ಬೇಗ ತಲುಪುತ್ತೀರಿ ಎಂಬುದು ನಿಜ. ಆದರೂ ಆಯ್ಕೆ ಇದ್ದಾಗ ಕೆಂಪು ಬಸ್ಸನ್ನೇ ಆರಿಸಿ ಎಂದು ನಾನು ಹೇಳುತ್ತೇನೆ. ಖಾಸಗಿಯನ್ನು ಹತ್ತಿದರೆ ಬಸ್ಸಿನ ನಡುಭಾಗದಲ್ಲಿ ಕುಳಿತುಕೊಳ್ಳಿ, ಫುಟ್‌ಬೋರ್ಡಿನ ಮೇಲೆ ಯಾವ ಕಾರಣಕ್ಕೂ ನಿಲ್ಲಬೇಡಿ.

ಹವಾನಿಯಂತ್ರಿತ ಸಣ್ಣ ಬಸ್ಸುಗಳೂ ಇವೆ. ಟಿಕೆಟ್ ದುಬಾರಿ, ಸೆಖೆಯಲ್ಲಿ ಹಿತ. ಆದರೆ ಅವುಗಳಲ್ಲಿ ಸಾಮಾನಿಗೆ ಜಾಗವಿಲ್ಲ; ದೊಡ್ಡ ಚೀಲವಿದ್ದರೆ ಅದಕ್ಕೂ ಒಂದು ಸೀಟಿನ ಹಣ ಕೇಳುತ್ತಾರೆ. ಸೀಟು ಹಿಡಿದರೆ ಹಣ ಕೊಡುವುದು ನ್ಯಾಯವೇ. ಅಂಥ ಒಂದು ಬಸ್ಸಿನಲ್ಲಿ ಮಾತ್ರ ನಮ್ಮಿಂದ ಅರ್ಧ ದಾರಿಯಲ್ಲಿ ಚೀಲಕ್ಕೆಂದು ಮನಸ್ಸಿಗೆ ಬಂದಷ್ಟು ವಸೂಲಿ ಮಾಡಿದರು, ಟಿಕೆಟನ್ನೂ ಕೊಡಲಿಲ್ಲ. ನನಗೆ ಹಣಕ್ಕಿಂತ ಟಿಕೆಟ್ ಕೊಡದೇ ಹೋದದ್ದು ನೋವಾಯಿತು. ಹತ್ತುವ ಮೊದಲೇ ಚೀಲಕ್ಕೆಷ್ಟು ಎಂದು ಕೇಳಿ ಮುಗಿಸಿಕೊಳ್ಳಿ. ಟಿಕೆಟ್ ಕೇಳಿ ಪಡೆಯಿರಿ, ಇಳಿಯುವವರೆಗೂ ಎಸೆಯಬೇಡಿ. ದೂರು ಹೇಳಬೇಕೆಂದರೆ ರಾಷ್ಟ್ರೀಯ ಸಾರಿಗೆ ಆಯೋಗದ 1955 ಎಂಬ ದೂರವಾಣಿ ಸಂಖ್ಯೆ ಇದೆ.

ಚಕ್ರದ ಸೂಟ್‌ಕೇಸ್ ಒಯ್ಯಲೇಬೇಡಿ. ಹೆಗಲಿಗೆ ಹಾಕಿಕೊಳ್ಳುವ ಒಂದು ಚೀಲ, ಮಡಿಲಲ್ಲಿ ಹಿಡಿಯುವಷ್ಟು ಇನ್ನೊಂದು ಸಣ್ಣದು, ಅಷ್ಟೇ. ದೊಡ್ಡದನ್ನು ಡ್ರೈವರ್ ಪಕ್ಕದಲ್ಲಿ ಎಂಜಿನ್ ಮೇಲಿನ ಜಾಗದಲ್ಲಿ ಇಡಲು ಬಿಡುತ್ತಾರೆ. ಹಣ, ಪಾಸ್‌ಪೋರ್ಟ್ ಮಡಿಲಿನ ಚೀಲದಲ್ಲಿರಲಿ.

ನುವರ ಎಂದರೆ ಯಾವ ನುವರ?

ನಾವು ಭೂಪಟದಲ್ಲಿ ಓದುವ ಹೆಸರು ಬೇರೆ, ಬಸ್ಸಿನ ಬಾಗಿಲಲ್ಲಿ ಕೂಗುವ ಹೆಸರು ಬೇರೆ. ಇದನ್ನು ನಾನು ಒಂದು ಸಂಜೆಯನ್ನು ಕಳೆದುಕೊಂಡು ಕಲಿತೆ. ಜಾಫ್ನಾದಿಂದ ಹಿಂದಿರುಗುವಾಗ ದಂಬುಲ್ಲದಲ್ಲಿ ಇಳಿದಿದ್ದೆವು. ಆ ರಾತ್ರಿಗೆ ನುವರ ಎಲಿಯದಲ್ಲಿ ಕೊಠಡಿ ಗೊತ್ತುಮಾಡಿತ್ತು. ನಿಲ್ದಾಣದಲ್ಲಿ ಒಬ್ಬಾತ ‘ನುವರ ನುವರ ನುವರ’ ಎಂದು ಕೂಗುತ್ತಿದ್ದ. ತಂಗಿ ಓಡಿಹೋಗಿ ‘ನುವರ?’ ಎಂದಳು. ಆತ ತಲೆಯಾಡಿಸಿದ, ನಾವು ಹತ್ತಿದೆವು. ಸಂಜೆ ಬಸ್ಸು ಖಾಲಿಯಾದಾಗ ನಾವಿದ್ದದ್ದು ಕ್ಯಾಂಡಿಯಲ್ಲಿ. ಕಂಡಕ್ಟರ್ ಸುಳ್ಳು ಹೇಳಿರಲಿಲ್ಲ. ಕ್ಯಾಂಡಿಯ ಸಿಂಹಳ ಹೆಸರು ಮಹನುವರ, ಆಡುಮಾತಿನಲ್ಲಿ ಬರೀ ನುವರ. ನಗರ ಎಂಬುದೇ ನುವರವಾಗಿದೆ. ಅರಸರ ರಾಜಧಾನಿಯಾಗಿದ್ದ ಊರಿಗೆ ‘ನಗರ’ ಎಂದಷ್ಟೇ ಹೇಳಿದರೆ ಸಾಕು. ನುವರ ಎಲಿಯ ಬೇಕಾದರೆ ಎರಡೂ ಪದಗಳನ್ನು ಪೂರ್ತಿ ಹೇಳಬೇಕು. ಅಲ್ಲಿಗೆ ಕ್ಯಾಂಡಿಯಲ್ಲಿ ಬಸ್ಸು ಬದಲಿಸಿಯೇ ಹೋಗಬೇಕಿತ್ತು. ಗೊತ್ತಿದ್ದರೆ ದಂಬುಲ್ಲದಲ್ಲಿ ಚಹಾ ಕುಡಿಯುತ್ತ ಕೂರದೆ ಹಿಂದಿನ ಬಸ್ಸನ್ನೇ ಹಿಡಿಯುತ್ತಿದ್ದೆವು. ಆ ರಾತ್ರಿಯ ಕೊಠಡಿಯ ಹಣ ಹೋಯಿತು.

ಉಳಿದ ಹೆಸರುಗಳನ್ನೂ ಹೇಳಿಬಿಡುತ್ತೇನೆ. ಕೊಲಂಬೊ ಸಿಂಹಳದಲ್ಲಿ ಕೊಳಂಬ, ತಮಿಳಿನಲ್ಲಿ ಕೊಳುಂಬು. ಜಾಫ್ನಾ ಸಿಂಹಳದಲ್ಲಿ ಯಾಪನಯ, ತಮಿಳಿನಲ್ಲಿ ಯಾಳ್ಪಾಣಂ. ಗಾಲೆ ಗಾಲ್ಲ ಆಗುತ್ತದೆ. ಟ್ರಿಂಕೋಮಲಿ ತ್ರಿಕುಣಾಮಲಯ, ಬ್ಯಾಟಿಕಲೋವ ಮಡಕಲಪುವ. ಕೊಲಂಬೊದ ಕೋಟೆ ಪ್ರದೇಶವನ್ನು ಇಂಗ್ಲಿಷಿನಲ್ಲಿ ಫೋರ್ಟ್ ಎಂದೂ ಸಿಂಹಳದಲ್ಲಿ ಕೊಟುವ ಎಂದೂ ಕರೆಯುತ್ತಾರೆ. ಅದರ ಹೊರಗಿನ ಸಂತೆಪೇಟೆ ಪೆಟ್ಟಾ. ನಮ್ಮ ಚಿಕ್ಕಪೇಟೆ, ಬಳೇಪೇಟೆಗಳ ಅದೇ ಪೇಟೆ. ದೂರದೂರಿನ ಬಸ್ಸುಗಳೆಲ್ಲ ಹೊರಡುವುದು ಈ ಪೆಟ್ಟಾದಿಂದ, ಆದರೆ ಒಂದೇ ನಿಲ್ದಾಣದಿಂದ ಅಲ್ಲ. ಕೋಟೆಯ ರೈಲು ನಿಲ್ದಾಣದ ಆಸುಪಾಸಿನಲ್ಲಿ, ನಡೆದು ಹೋಗುವಷ್ಟು ದೂರದಲ್ಲಿ ಎರಡು ಮೂರು ಅಂಗಳಗಳಿವೆ, ಸರ್ಕಾರಿ ಬಸ್ಸಿಗೆ ಒಂದು, ಖಾಸಗಿಗೆ ಬೇರೆ. ಯಾವುದು ಎಲ್ಲಿಂದ ಎನ್ನುವುದು ಆಗಾಗ ಬದಲಾಗುತ್ತದೆ, ಆದ್ದರಿಂದ ಊರಿನ ಹೆಸರು ಬಿಟ್ಟು ಸಂಖ್ಯೆಯನ್ನು ಹೇಳಿ ಕೇಳಿ. ‘ನಂಬರ್ ಒನ್?’ ಎಂದರೆ ಕಡಲೆಕಾಯಿ ಮಾರುವವರೂ ಕೈ ತೋರಿಸುತ್ತಾರೆ.

ನಮಗೆ ಕನ್ನಡದವರಿಗೆ ಒಂದು ಅನುಕೂಲವಿದೆ, ಅದನ್ನು ಬಳಸಿಕೊಳ್ಳಿ. ಸಿಂಹಳದ ಊರುಗಳ ಬಾಲಗಳು ನಮಗೆ ಅರ್ಥವಾಗುತ್ತವೆ. ಗಮ ಎಂದರೆ ಗ್ರಾಮ. ವೀದಿಯ ಎಂದರೆ ಬೀದಿ. ಗಲ ಎಂದರೆ ಬಂಡೆ. ವೆವ ಎಂದರೆ ಕೆರೆ, ಸಂಸ್ಕೃತದ ವಾಪಿಯಿಂದ ಬಂದದ್ದು. ಯಾವ ನದಿಗಾದರೂ ಗಂಗ ಎನ್ನುತ್ತಾರೆ. ಕಂಡಕ್ಟರ್ ‘ಹಂದಿಯ’ ಎಂದು ಕೂಗಿದರೆ ಬೆಚ್ಚಬೇಡಿ: ಅದು ಸಂಧಿ, ಅಂದರೆ ರಸ್ತೆಗಳು ಕೂಡುವ ಜಾಗ. ಸ ಹೋಗಿ ಹ ಬಂದಿದೆ, ನಮ್ಮಲ್ಲಿ ಪಾಲು ಹಾಲಾದ ಹಾಗೆ. ಅಲ್ಲಿಯ ಬಸ್ ಪ್ರಯಾಣದಲ್ಲಿ ಅತಿ ಹೆಚ್ಚು ಉಪಯೋಗಕ್ಕೆ ಬರುವ ಪದ ಅದೇ.

ಹತ್ತಿದ ಮೇಲೆ

ಹತ್ತಿದ ಕೂಡಲೇ ಕಂಡಕ್ಟರಿಗೆ ಇಳಿಯುವ ಊರನ್ನು ಹೇಳಿಬಿಡಿ. ಅವರು ನಿಮ್ಮ ಸೀಟಿಗೆ ಬರುವವರೆಗೆ ಕಾಯಬೇಡಿ. ಇದು ನನ್ನ ಇಪ್ಪತ್ತಾರು ವರ್ಷದ ಅನುಭವದ ಮಾತು. ಅಪರಿಚಿತರು ಹತ್ತುವಾಗಲೇ ‘ಅಕ್ಕಾ, ನನ್ನನ್ನು ಇಂಥ ಕಡೆ ಇಳಿಸಿ’ ಎಂದರೆ ಆ ಊರು ಕಂಡಕ್ಟರಿನ ತಲೆಯಲ್ಲಿ ಗೂಟ ಹೊಡೆದ ಹಾಗೆ ಕುಳಿತುಬಿಡುತ್ತದೆ. ಬಸ್ಸು ತುಂಬಿದ ಮೇಲೆ ಹೇಳಿದರೆ ನೂರು ಮಾತುಗಳ ನಡುವೆ ಕಳೆದುಹೋಗುತ್ತದೆ. ಶ್ರೀಲಂಕಾದಲ್ಲೂ ಹಾಗೆಯೇ ಮಾಡಿದೆವು. ಒಂದೇ ಒಂದು ಸಲವೂ ನಮ್ಮನ್ನು ಮರೆತು ಮುಂದೆ ಒಯ್ದದ್ದಿಲ್ಲ. ಸೀಗಿರಿಯಕ್ಕೆ ಹೋಗುವಾಗ ಕಂಡಕ್ಟರ್ ಇಡೀ ಬಸ್ಸನ್ನು ನಿಲ್ಲಿಸಿ, ಇಳಿದು, ನಾವು ಹಿಡಿಯಬೇಕಾದ ಮುಂದಿನ ಬಸ್ಸು ಎಲ್ಲಿ ನಿಲ್ಲುತ್ತದೆಂದು ಬೆರಳು ಮಾಡಿ ತೋರಿಸಿ ಮತ್ತೆ ಹತ್ತಿದರು.

ಹೇಳಲು ಬೇಕಾದ ಸಿಂಹಳ ಬಹಳ ಕಡಿಮೆ. ‘ದಂಬುಲ್ಲ ಯನವದ?’ ಎಂದರೆ ದಂಬುಲ್ಲಕ್ಕೆ ಹೋಗುತ್ತದೆಯೇ ಎಂದು. ‘ಕೀಯದ?’ ಎಂದರೆ ಎಷ್ಟು. ‘ಮೆತನ ಬಹಿನವಾ’ ಎಂದರೆ ಇಲ್ಲಿ ಇಳಿಯುತ್ತೇನೆ. ಕೊಂಚ ಗಟ್ಟಿಯಾಗಿ ಹೇಳಬೇಕು, ಹಾಡಿನ ಸದ್ದನ್ನು ದಾಟಿ ಕೇಳಿಸಬೇಕಲ್ಲ. ‘ಇಸ್ಸರಹಟ’ ಎಂದು ಕಂಡಕ್ಟರ್ ಕೂಗಿದರೆ ಮುಂದೆ ಸರಿಯಿರಿ ಎಂದು. ಧನ್ಯವಾದಕ್ಕೆ ‘ಸ್ತುತಿ’. ದೇವರಿಗೆ ಹೇಳುವ ಪದವನ್ನು ಕಂಡಕ್ಟರಿಗೆ ಹೇಳುವಾಗ ನನಗೆ ಗಂಟಲು ತುಂಬಿ ಬಂದದ್ದುಂಟು. ಸಂಬಂಧದ ಪದಗಳೂ ಹತ್ತಿರದವು: ಅಕ್ಕನಿಗೆ ಅಕ್ಕಾ, ತಂಗಿಗೆ ನಂಗಿ, ಅಣ್ಣನಿಗೆ ಅಯ್ಯಾ, ತಮ್ಮನಿಗೆ ಮಲ್ಲಿ. ನನ್ನ ವಯಸ್ಸಿನವರು ಕಂಡಕ್ಟರ್ ಹುಡುಗನನ್ನು ‘ಮಲ್ಲಿ’ ಎಂದು ಕರೆದರೆ ಅವನ ಮುಖ ಅರಳುತ್ತದೆ. ಉತ್ತರಕ್ಕೆ ಹೋದರೆ, ವವುನಿಯಾ ದಾಟಿದ ಮೇಲೆ, ಬಸ್ಸಿನ ಮಾತು ತಮಿಳಿಗೆ ತಿರುಗುತ್ತದೆ. ಬೆಂಗಳೂರಿನಲ್ಲಿ ಕಿವಿಗೆ ಬಿದ್ದಷ್ಟು ತಮಿಳೇ ಸಾಕಾಗುತ್ತದೆ.

ಮುಂದಿನ ಬಾಗಿಲ ಬಳಿಯ ಮೊದಲ ಸೀಟುಗಳಲ್ಲಿ ಕೂರಬೇಡಿ. ಅವು ಭಿಕ್ಷುಗಳಿಗೂ ಇತರ ಧರ್ಮಗುರುಗಳಿಗೂ ಮೀಸಲು. ನಾನು ಮೊದಲ ದಿನ ಅಭ್ಯಾಸಬಲದಿಂದ ಅಲ್ಲಿಯೇ ಕುಳಿತೆ. ಒಬ್ಬ ಅಜ್ಜಿ ಮೆಲ್ಲಗೆ ನನ್ನ ಕೈ ಮುಟ್ಟಿ ಮೇಲಿನ ಬರಹವನ್ನು ತೋರಿಸಿದರು. ಯಾರೂ ಇಲ್ಲದಿದ್ದಾಗ ಕೂರುವವರಿದ್ದಾರೆ, ಆದರೆ ಭಿಕ್ಷುಗಳು ಹತ್ತಿದರೆ ತಕ್ಷಣ ಏಳಬೇಕು. ಹೆಂಗಸರು ಭಿಕ್ಷುಗಳ ಪಕ್ಕದ ಸೀಟಿನಲ್ಲಿ ಕೂರುವುದಿಲ್ಲ. ನಮ್ಮಲ್ಲಿಯಂತೆ ಮುಂದಿನ ಅರ್ಧ ಹೆಂಗಸರಿಗೆ ಎಂಬ ಲೆಕ್ಕ ಅಲ್ಲಿಲ್ಲ. ತುಂಬಿದ ಬಸ್ಸಿನಲ್ಲಿ ಹೆಂಗಸರಿಗೆ ಆಗುವ ಕಿರುಕುಳ ಅಲ್ಲೂ ಇದೆ, ಮುಚ್ಚಿಟ್ಟು ಪ್ರಯೋಜನವಿಲ್ಲ. ಒಬ್ಬರೇ ಹೋಗುವ ಹೆಣ್ಣುಮಕ್ಕಳಿಗೆ ನಾನು ಹೇಳುವುದು ಇಷ್ಟು: ಇನ್ನೊಬ್ಬ ಹೆಂಗಸಿನ ಪಕ್ಕ ಸೀಟು ಹುಡುಕಿ, ಸಿಗದಿದ್ದರೆ ಆ ಬಸ್ಸನ್ನು ಬಿಟ್ಟು ಮುಂದಿನದನ್ನು ಹತ್ತಿ, ಯಾರಾದರೂ ಕೈ ಇಟ್ಟರೆ ಕನ್ನಡದಲ್ಲೇ ಆದರೂ ಗಟ್ಟಿಯಾಗಿ ಕೂಗಿ. ನನ್ನ ಬಸ್ಸಿನಲ್ಲಿ ಕೂಗಿದವರ ಪರ ಇಡೀ ಬಸ್ಸು ನಿಂತದ್ದನ್ನು ನಾನು ಎಷ್ಟೋ ಸಲ ಕಂಡಿದ್ದೇನೆ.

ಟಿಕೆಟ್ ದರವನ್ನು ಇಲ್ಲಿ ಬರೆಯುವುದಿಲ್ಲ. ಅಲ್ಲಿ ಅದು ಪರಿಷ್ಕರಣೆಯಾಗುತ್ತಲೇ ಇರುತ್ತದೆ, ನಾನು ಕೊಟ್ಟಷ್ಟೇ ನೀವೂ ಕೊಡುವುದಿಲ್ಲ. ಆದರೆ ಸಾಮಾನ್ಯ ಬಸ್ಸಿನಲ್ಲಿ ಅರ್ಧ ದೇಶ ದಾಟಿದರೂ ಜೇಬಿಗೆ ಭಾರವಾಗುವುದಿಲ್ಲ. 2023ರ ಜೂನ್ 11ರಂದು ಶಕ್ತಿ ಯೋಜನೆ ಆರಂಭವಾದ ದಿನ ನಾನು ಡ್ಯೂಟಿಯಲ್ಲಿದ್ದೆ, ಆಮೇಲೆ ನಾನೇ ಪ್ರಯಾಣಿಸುವಾಗಲೂ ಶೂನ್ಯ ಟಿಕೆಟ್ ಪಡೆದು ರೂಢಿಯಾಗಿತ್ತು. ಬಹಳ ದಿನಗಳ ಮೇಲೆ ಹಣ ಕೊಟ್ಟು ಟಿಕೆಟ್ ಪಡೆದದ್ದು ಅಲ್ಲಿಯೇ. 20, 50, 100ರ ನೋಟುಗಳನ್ನು ಬೇರೆ ಇಟ್ಟುಕೊಳ್ಳಿ. 5000ದ ನೋಟನ್ನು ಬೆಳಗಿನ ಮೊದಲ ಬಸ್ಸಿನಲ್ಲಿ ಚಾಚಿದರೆ ಕಂಡಕ್ಟರಿಗೆ ಎಷ್ಟು ಸಂಕಟವಾಗುತ್ತದೆಂದು ನನಗೆ ಗೊತ್ತು. ಚಿಲ್ಲರೆ ಬಾಕಿಯಿದ್ದರೆ ನಾವು ಟಿಕೆಟಿನ ಹಿಂದೆ ಬರೆದುಕೊಡುತ್ತಿದ್ದೆವು. ನಾನು ಕಂಡ ಬಸ್ಸುಗಳಲ್ಲಿ ಅವರು ತಲೆಯಲ್ಲೇ ಇಟ್ಟುಕೊಂಡು, ಅರ್ಧ ಗಂಟೆಯ ಮೇಲೆ ಜನರ ನಡುವೆ ನುಸುಳಿ ಬಂದು ಸರಿಯಾಗಿ ಕೊಟ್ಟರು. ಅವಸರಪಡಿಸಬೇಡಿ.

ಒಂದೊಂದು ದಾರಿ

ಕೊಲಂಬೊದಿಂದ ಕ್ಯಾಂಡಿ 115 ಕಿಲೋಮೀಟರಿನಷ್ಟು, ಮೂರರಿಂದ ಮೂರೂವರೆ ಗಂಟೆ. ಮೊದಲ ಒಂದು ಗಂಟೆ ಕೊಲಂಬೊದಿಂದ ಹೊರಬರುವುದರಲ್ಲೇ ಹೋಗುತ್ತದೆ. ಬೆಳಿಗ್ಗೆ ಆರಕ್ಕೆ ಮೊದಲು ಹೊರಟರೆ ಅದು ಉಳಿಯುತ್ತದೆ. ಪಸ್ಯಾಲ ದಾಟುವಾಗ ರಸ್ತೆ ಬದಿಯಲ್ಲಿ ಹೆಂಗಸರು ಗೋಡಂಬಿ ಮಾರುತ್ತಿರುತ್ತಾರೆ. ಊರಿನ ಹೆಸರೇ ಕಜುಗಮ, ಗೋಡಂಬಿ ಗ್ರಾಮ. ಕೇಗಲ್ಲ, ಮಾವನೆಲ್ಲ ಕಳೆದ ಮೇಲೆ ಕಡುಗನ್ನಾವದ ಏರು ಬರುತ್ತದೆ. ಬ್ರಿಟಿಷರ ಕಾಲದಲ್ಲಿ ಬಂಡೆಯನ್ನೇ ಕೊರೆದು ದಾರಿ ಮಾಡಿದ್ದು ಈಗಲೂ ಕಾಣುತ್ತದೆ, ಆ ರಸ್ತೆ ಕಟ್ಟಿಸಿದ ಡಾಸನ್ನನ ನೆನಪಿನ ಗೋಪುರವೂ ಅಲ್ಲಿಯೇ ಇದೆ. ಡ್ರೈವರ್ ಗೇರ್ ಇಳಿಸಿ, ಬಸ್ಸು ಮುಲುಗುತ್ತ ಮೇಲೇರತೊಡಗಿದಾಗ ನನಗೆ ಗೊತ್ತಿಲ್ಲದೆಯೇ ಕೈ ಮೇಲಿನ ಕಂಬಿಗೆ ಹೋಯಿತು. ನಮ್ಮ ಶಿರಾಡಿಯ ಮಾರನಹಳ್ಳಿಯ ತಿರುವುಗಳು ಕಣ್ಣ ಮುಂದೆ ಬಂದವು.

ಸೀಗಿರಿಯಕ್ಕೆ ಕ್ಯಾಂಡಿಯಿಂದ ಮಾತಲೆ ಮೂಲಕ ದಂಬುಲ್ಲಕ್ಕೆ ಹೋಗಿ, ಅಲ್ಲಿ ಸೀಗಿರಿಯದ ಬಸ್ಸು ಹಿಡಿಯುವುದು ಸುಲಭ. ಟ್ರಿಂಕೋಮಲಿ ಕಡೆಗೆ ಹೋಗುವ ಬಸ್ಸಿನಲ್ಲಿದ್ದರೆ ‘ಇನಾಮಲುವ ಹಂದಿಯೆ ಬಹಿನವಾ’ ಎಂದು ಹೇಳಿ ಅಲ್ಲಿ ಇಳಿಯಿರಿ, ಸೀಗಿರಿಯ ಅಲ್ಲಿಂದ 10 ಕಿಲೋಮೀಟರ್. ಸಂಜೆ ಕಡೆಯ ಬಸ್ಸು ಎಷ್ಟು ಹೊತ್ತಿಗೆ ಎಂಬುದನ್ನು ಇಳಿದ ಕೂಡಲೇ, ಸೀಗಿರಿಯದ ಕೋಟೆಬಂಡೆ ಹತ್ತುವ ಮೊದಲೇ ಕೇಳಿಕೊಳ್ಳಿ.

ಅನುರಾಧಪುರದಿಂದ ಜಾಫ್ನಾಕ್ಕೆ ಹೋಗುವ ದಾರಿಯ ಬಗ್ಗೆ ನಾನು ಬೇರೆಯೇ ಮನಸ್ಸಿನಿಂದ ಬರೆಯಬೇಕು. ವವುನಿಯಾದಿಂದ ಮುಂದಿನ ಎ9 ರಸ್ತೆ ಆ ದೇಶದ ಒಳಯುದ್ಧದ ಕಾಲದಲ್ಲಿ ವರ್ಷಗಟ್ಟಲೆ ಮುಚ್ಚಿತ್ತು. 2002ರಲ್ಲಿ ತೆರೆದು, 2006ರಲ್ಲಿ ಮತ್ತೆ ಮುಚ್ಚಿ, 2009ರಲ್ಲಿ ಯುದ್ಧ ಮುಗಿದ ಮೇಲೆ ಮತ್ತೆ ತೆರೆಯಿತು. ಕಿಲಿನೊಚ್ಚಿ ದಾಟಿ ಆನೆಯಿರವು ಬಂದಾಗ ಎರಡೂ ಕಡೆ ಹಿನ್ನೀರು, ನಡುವೆ ನೆಟ್ಟಗಿನ ರಸ್ತೆ. ಬಸ್ಸಿನಲ್ಲಿ ಒಂದು ಕ್ಷಣ ಯಾರೂ ಮಾತಾಡಲಿಲ್ಲ, ಅಥವಾ ನನಗೆ ಹಾಗೆನಿಸಿತು. ಕಂಡಕ್ಟರ್ ಕನ್ನಡಕ ಹಾಕಿದ ನಡುವಯಸ್ಸಿನವರು. ನಾನೂ ಕಂಡಕ್ಟರ್ ಆಗಿದ್ದವಳೆಂದು ತಂಗಿ ತನ್ನ ಹರುಕು ತಮಿಳಿನಲ್ಲಿ ಹೇಳಿದಾಗ ಅವರು ನಂಬಲಿಲ್ಲ. ನಾನು ಎರಡು ಬೆರಳುಗಳ ನಡುವೆ ನೋಟುಗಳನ್ನು ಉದ್ದಕ್ಕೆ ಮಡಿಸಿ ಹಿಡಿದು ತೋರಿಸಿದೆ. ಅವರ ಬೆರಳುಗಳ ನಡುವೆಯೂ ನೋಟುಗಳು ಹಾಗೆಯೇ ಇದ್ದವು. ಆಮೇಲೆ ಜಾಫ್ನಾವರೆಗೂ ಅವರು ತಮ್ಮ ಸೀಟನ್ನು ನನಗೆ ಬಿಟ್ಟುಕೊಟ್ಟು ನಿಂತೇ ಬಂದರು. ಹದಿನಾರು ದಿನದಲ್ಲಿ ಯಾವ ಬಸ್ಸಿನಲ್ಲೂ ಹೆಂಗಸು ಟಿಕೆಟ್ ಕೊಡುವುದನ್ನು ನಾನು ನೋಡಲಿಲ್ಲ.

ಕ್ಯಾಂಡಿಯಿಂದ ನುವರ ಎಲಿಯಕ್ಕೆ ಹೋಗುವ ದಾರಿಯಲ್ಲಿ ರಂಬೊಡದ ಹನುಮಂತನ ದೇವಸ್ಥಾನಕ್ಕೆ ಬಸ್ಸಿನಿಂದಲೇ ಇಳಿಯಬಹುದು. ನುವರ ಎಲಿಯದಿಂದ ವೆಲಿಮಡ ಕಡೆಗೆ ಹೋಗುವ ಯಾವ ಬಸ್ಸಾದರೂ ಸೀತಾ ಎಲಿಯದ ಸೀತಮ್ಮನ ಗುಡಿಯ ಮುಂದೆಯೇ ಹಾದುಹೋಗುತ್ತದೆ, ಐದು ಕಿಲೋಮೀಟರಿನಷ್ಟೇ ದೂರ. ರಾಮಾಯಣದ ಜಾಗಗಳನ್ನು ನೋಡಲೆಂದು ನಮ್ಮ ಕಡೆಯಿಂದ ಹೋಗುವವರು ಇದಕ್ಕಾಗಿ ದೊಡ್ಡ ಮೊತ್ತ ಕೊಟ್ಟು ವ್ಯಾನ್ ಮಾಡುತ್ತಾರೆ, ಬೇಕಾಗಿಲ್ಲ. ಬೆಟ್ಟದಲ್ಲಿ ಹಗಲಿನ ಬಸ್ಸನ್ನೇ ಹಿಡಿಯಿರಿ, ಜನ ಮಿತಿಮೀರಿ ತುಂಬಿದ್ದರೆ ಹತ್ತಬೇಡಿ. ನಾವು ಬಂದ ಕೆಲವು ತಿಂಗಳಿಗೆ, 2025ರ ಮೇ 11ರ ನಸುಕಿನಲ್ಲಿ, ಕತರಗಾಮದಿಂದ ಕುರುನೆಗಲಕ್ಕೆ ಹೊರಟಿದ್ದ ಬಸ್ಸು ಕೊತ್ಮಲೆಯ ಬಳಿ ಕಂದಕಕ್ಕೆ ಉರುಳಿ ಇಪ್ಪತ್ತಕ್ಕೂ ಹೆಚ್ಚು ಜನ ತೀರಿಕೊಂಡರು. ನಾವು ಆ ರಸ್ತೆಯಲ್ಲೇ ಹೋಗಿದ್ದೆವು. ಸುದ್ದಿ ಓದಿದ ದಿನ ಊಟ ಸೇರಲಿಲ್ಲ.

‘ಎಲ್ಲ’ ಊರಿನಿಂದ ವೆಲ್ಲವಾಯಕ್ಕೆ ಇಳಿಯುವಾಗ ರಾವಣ ಜಲಪಾತ ರಸ್ತೆಗೆ ತಾಗಿಕೊಂಡೇ ಇದೆ, ಬಸ್ಸಿನ ಕಿಟಕಿಯಿಂದಲೇ ಕಾಣುತ್ತದೆ. ವೆಲ್ಲವಾಯದಲ್ಲಿ ಬಸ್ಸು ಬದಲಿಸಿ ಕತರಗಾಮ. ಅಲ್ಲಿಂದ ಕರಾವಳಿಯುದ್ದಕ್ಕೂ ಬಸ್ಸು ಬದಲಿಸಿಕೊಂಡು ಗಾಲೆ.

ಗಾಲೆಯಿಂದ ಕೊಲಂಬೊಗೆ ಎರಡು ದಾರಿ. 2011ರಲ್ಲಿ ತೆರೆದ ದಕ್ಷಿಣ ಎಕ್ಸ್‌ಪ್ರೆಸ್ ಹೆದ್ದಾರಿಯ ಬಸ್ಸು ಒಂದೂಕಾಲು ಗಂಟೆಯ ಆಸುಪಾಸಿನಲ್ಲಿ ಕೊಲಂಬೊದ ಅಂಚಿನಲ್ಲಿರುವ ಕೊಟ್ಟಾವದ ಮಕುಂಬುರ ನಿಲ್ದಾಣಕ್ಕೆ ತಂದುಬಿಡುತ್ತದೆ. ಅದರಲ್ಲಿ ನಿಂತು ಪ್ರಯಾಣಿಸಲು ಬಿಡುವುದಿಲ್ಲ. ಮಕುಂಬುರದಿಂದ ಪೆಟ್ಟಾಕ್ಕೆ ಇನ್ನೊಂದು ಬಸ್ಸು ಹಿಡಿಯಬೇಕು. ಇನ್ನೊಂದು ದಾರಿ ಸಮುದ್ರದ ಬದಿಯ ಹಳೆಯದು, 2ನೇ ನಂಬರಿನದು, ಮೂರು ಗಂಟೆ ಮೀರುತ್ತದೆ. ಸಮಯವಿದ್ದರೆ ಹಳೆಯದರಲ್ಲೇ ಬನ್ನಿ. ಕಳುತರದಲ್ಲಿ ಬೋಧಿವೃಕ್ಷದ ಮುಂದೆ ನಮ್ಮ ಬಸ್ಸು ನಿಂತಿತು. ಕಂಡಕ್ಟರ್ ಇಳಿದು ಹುಂಡಿಗೆ ನಾಣ್ಯ ಹಾಕಿ, ಕೈ ಮುಗಿದು ಓಡಿಬಂದರು, ಬಸ್ಸಿನಲ್ಲಿದ್ದ ಹಲವರು ಕುಳಿತಲ್ಲಿಯೇ ಕೈ ಜೋಡಿಸಿದರು. ಶಿರಾಡಿ ಇಳಿಯುವ ಮೊದಲು ನಮ್ಮ ಡ್ರೈವರುಗಳೂ ಗುಡಿ ಕಂಡಲ್ಲಿ ಹೀಗೆಯೇ ಸ್ಟಿಯರಿಂಗ್ ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳುತ್ತಿದ್ದರು.

ಯಾವಾಗ ಬೇಡ, ಏನು ತಿನ್ನಬೇಕು

ಹುಣ್ಣಿಮೆ ನೋಡಿಕೊಂಡು ದಿನ ಗೊತ್ತುಮಾಡಿ. ಅಲ್ಲಿ ಪ್ರತಿ ಹುಣ್ಣಿಮೆಯೂ ಸರ್ಕಾರಿ ರಜೆ, ಪೋಯ ಎನ್ನುತ್ತಾರೆ. ಅದು ವಾರದ ಕೊನೆಗೆ ಅಂಟಿಕೊಂಡು ಬಂದರೆ ಹಿಂದಿನ ಸಂಜೆ ಬಸ್ಸುಗಳಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಜೂನಿನ ಪೊಸೊನ್ ಹುಣ್ಣಿಮೆಗೆ ಅನುರಾಧಪುರದ ಕಡೆ, ಜುಲೈ–ಆಗಸ್ಟಿನ ಪೆರಹೆರ ಉತ್ಸವಕ್ಕೆ ಕ್ಯಾಂಡಿಯ ಕಡೆ ಜನ ಹೊರಳುತ್ತಾರೆ. ಉತ್ಸವ ನೋಡಲೆಂದೇ ಹೋಗುವುದಾದರೆ ಎರಡು ದಿನ ಮೊದಲೇ ಊರು ಸೇರಿಕೊಳ್ಳಿ. ಏಪ್ರಿಲ್ 13–14ರ ಹೊಸವರ್ಷದ ಸುತ್ತಮುತ್ತ ಹೋಗಬೇಡಿ. ಹಬ್ಬಕ್ಕೆ ಮೊದಲು ಕೊಲಂಬೊದ ಜನವೆಲ್ಲ ಊರಿಗೆ ಹೊರಡುತ್ತಾರೆ, ಹಬ್ಬದ ದಿನ ಡ್ರೈವರ್ ಕಂಡಕ್ಟರುಗಳೂ ಮನೆಯಲ್ಲಿರುತ್ತಾರೆ. ಯುಗಾದಿಯ ಹಿಂದಿನ ರಾತ್ರಿ ಮೆಜೆಸ್ಟಿಕ್ ನೋಡಿದವರಿಗೆ ಹೆಚ್ಚು ವಿವರಿಸಬೇಕಾಗಿಲ್ಲ.

ಬಸ್ಸಿನೊಳಗೇ ತಿಂಡಿ ಮಾರುವವರು ಹತ್ತುತ್ತಾರೆ: ಕಡಲೆಕಾಯಿ, ವಡೆ, ಉಪ್ಪು ಖಾರ ಹಚ್ಚಿದ ಮಾವಿನಕಾಯಿ. ಸಸ್ಯಾಹಾರಿಗಳು ಎರಡು ವಿಷಯ ನೆನಪಿಡಿ. ನಿಲ್ದಾಣದ ಅಂಗಡಿಗಳಲ್ಲಿ ಗಾಜಿನ ಪೆಟ್ಟಿಗೆಯೊಳಗೆ ಮೂರು ಮೂಲೆಯ ತಿಂಡಿಗಳಿರುತ್ತವೆ. ಅವುಗಳಲ್ಲಿ ಮಾಳು ಪಾನ್ ಎಂಬ ಬನ್ನಿನೊಳಗೆ ಮೀನಿರುತ್ತದೆ, ಎಳವಳು ರೊಟ್ಟಿಯಲ್ಲಿ ತರಕಾರಿ. ಆಕಾರದಲ್ಲಿ ಎರಡೂ ಒಂದೇ ಥರ, ‘ಎಳವಳು’ ಎಂದು ಹೇಳಿ ಕೇಳಿ. ಅನ್ನದ ಜೊತೆ ಬಡಿಸುವ ತೆಂಗಿನಕಾಯಿಯ ಸಂಬೋಲ ನಮ್ಮ ಚಟ್ನಿಯಂತೆಯೇ ಕಾಣುತ್ತದೆ, ಆದರೆ ಅದರಲ್ಲಿ ಉಂಬಲಕಡ ಎಂಬ ಒಣಮೀನಿನ ಪುಡಿ ಬೆರೆಸಿರುವುದೇ ಹೆಚ್ಚು. ‘ಉಂಬಲಕಡ ಎಪಾ’, ಅಂದರೆ ಬೇಡ. ಬಸ್ಸಿನಲ್ಲಿ ಶೌಚಾಲಯವಿಲ್ಲ. ದೂರದ ಬಸ್ಸು ಚಹಾಕ್ಕೆ ನಿಲ್ಲಿಸಿದಾಗ ಮೊದಲು ಹೋಗಬೇಕಾದದ್ದು ಅಲ್ಲಿಗೆ, ಚಹಾಕ್ಕೆ ಆಮೇಲೆ. ಇಳಿಯುವಾಗ ಬಸ್ಸಿನ ನೋಂದಣಿ ಸಂಖ್ಯೆಯ ಒಂದು ಚಿತ್ರ ತೆಗೆದುಕೊಳ್ಳಿ. ಅದೇ ಬಣ್ಣದ ಹತ್ತು ಬಸ್ಸುಗಳ ನಡುವೆ ತಮ್ಮದು ಯಾವುದೆಂದು ಹುಡುಕುವ ಪ್ರಯಾಣಿಕರನ್ನು ನಾನು ಸಾಕಷ್ಟು ಕಂಡಿದ್ದೇನೆ.

ಹಿಂದಿರುಗುವ ವಿಮಾನ ನಸುಕಿನಲ್ಲಿದ್ದರೆ ಕೊಲಂಬೊದಲ್ಲಿ ಉಳಿಯಬೇಡಿ. ಹಿಂದಿನ ಮಧ್ಯಾಹ್ನವೇ 240ರಲ್ಲಿ ನೆಗೊಂಬೊಗೆ ಹೋಗಿ ರಾತ್ರಿ ಕಳೆಯಿರಿ, ವಿಮಾನ ನಿಲ್ದಾಣ ಅಲ್ಲಿಗೆ ಹತ್ತಿರ, ಆ ಹೊತ್ತಿನಲ್ಲಿ ಆಟೋ ಸಾಕು. ಹಗಲಿನ ವಿಮಾನವಾದರೆ ಪೆಟ್ಟಾದಿಂದ 187. ನಮ್ಮದು ಹಗಲಿನದಾಗಿತ್ತು. ಹತ್ತುವಾಗಲೇ ‘ಏರ್‌ಪೋರ್ಟ್’ ಎಂದು ಕಂಡಕ್ಟರಿಗೆ ಹೇಳಿದೆ. ಬಸ್ಸು ನಿಂತಾಗ ಆತ ಹಿಂದಿನಿಂದ ‘ಅಕ್ಕಾ, ಬಹಿನ್ನ’ ಎಂದು ಕೂಗಿ, ಚೀಲವನ್ನು ತಾನೇ ಕೆಳಗಿಳಿಸಿ ಕೊಟ್ಟ.